ಏಪ್ರಿಲ್ ತಿಂಗಳಲ್ಲಿ ಖಾಲಿಯಾಗುವ ಕೊಳವೆ

ನಾನು ಭೌತಶಾಸ್ತ್ರ ಪಾಠ ಮಾಡುವ ಮೈಸೂರಿನ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಹೆಬ್ಬೆರಳಿನ ಗಾತ್ರದ, ದಪ್ಪ ಗೋಡೆಯ ಗಾಜಿನ ಕೊಳವೆಯೊಂದಿದೆ. ಎರಡೂ ತುದಿಗಳನ್ನು ಕರಗಿಸಿ ಮುಚ್ಚಿರುವ ಅದರೊಳಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಬೇರೇನೂ ಇಲ್ಲ. ಡಿಸೆಂಬರಿನ ಬೆಳಿಗ್ಗೆ ಪೆಟ್ಟಿಗೆಯಿಂದ ತೆಗೆದು ನೋಡಿದರೆ ಅರ್ಧಕ್ಕೆ ತುಸು ಕಡಿಮೆ ದ್ರವ, ಅದರ ಮೇಲೆ ಆವಿ, ಎರಡರ ನಡುವೆ ಕೂದಲೆಳೆಯಷ್ಟು ತೆಳುವಾದ, ಬಾಗಿದ ಗೆರೆ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬೀರುಗಳನ್ನು ಜೋಡಿಸುತ್ತಿದ್ದಾಗ, ನಮ್ಮ ಅಟೆಂಡರ್ ಆ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಮೇಡಂ, ಇದ್ರಲ್ಲಿ ಏನೂ ಇಲ್ಲ. ಗ್ಯಾಸೆಲ್ಲ ಸೋರಿಹೋಗಿದೆ. ಹಳೇ ಸಾಮಾನಿನ ಜೊತೆ ಹಾಕ್ಬಿಡ್ಲಾ?" ಎಂದು ಕೇಳಿದರು. ನಾನೂ ನೋಡಿದೆ. ಗೆರೆಯೂ ಇಲ್ಲ, ದ್ರವವೂ ಇಲ್ಲ, ಬರೀ ಗಾಜು. ಹೂಂ ಎನ್ನುವುದರಲ್ಲಿದ್ದೆ; ಅಷ್ಟರಲ್ಲಿ ಗೋಡೆಯ ಮೇಲಿನ ಥರ್ಮಾಮೀಟರ್ ಕಣ್ಣಿಗೆ ಬಿತ್ತು. 34 ಡಿಗ್ರಿ.

"ಸ್ವಲ್ಪ ಇರಿ," ಎಂದು ಮೂಲೆಯಲ್ಲಿದ್ದ ಮಣ್ಣಿನ ಹೂಜಿಯಿಂದ ಒಂದು ಬೀಕರ್ ತುಂಬ ನೀರು ಬಗ್ಗಿಸಿ, ಕೊಳವೆಯನ್ನು ಅದರಲ್ಲಿ ನಿಲ್ಲಿಸಿ, ಮುಂದೆ ಅಕ್ರಿಲಿಕ್ ಹಾಳೆಯನ್ನು ಅಡ್ಡ ಇಟ್ಟೆ. ಒಳಗಿರುವುದು ಎಪ್ಪತ್ತಕ್ಕೂ ಹೆಚ್ಚು ಬಾರ್ ಒತ್ತಡವಾದ್ದರಿಂದ ಆ ಎಚ್ಚರಿಕೆ ಬೇಕು. ಅರೆ ನಿಮಿಷದಲ್ಲಿ ಗಾಜಿನೊಳಗೆ ಮಂಜು ಕವಿದಂತಾಯಿತು. ಹಿಂದಿನಿಂದ ಬರುತ್ತಿದ್ದ ಬಲ್ಬಿನ ಬೆಳಕು ಕಾಫಿ ಡಿಕಾಕ್ಷನ್ನಿಗೆ ನೀರು ಬೆರೆಸಿದಂತಹ ಕಂದು ಬಣ್ಣಕ್ಕೆ ತಿರುಗಿತು; ಪಕ್ಕದಿಂದ ನೋಡಿದರೆ ಅದೇ ಮಂಜು ಹಾಲಿನಂತೆ ಬೆಳ್ಳಗಿತ್ತು. ಬಳಿಕ ಮೇಲರ್ಧದಲ್ಲಿ ಸಣ್ಣ ಹನಿಗಳ ಮಳೆ, ಕೆಳಗರ್ಧದಲ್ಲಿ ಗುಳ್ಳೆಗಳ ಕುದಿತ ಎರಡೂ ಒಟ್ಟಿಗೆ ಶುರುವಾಗಿ, ನಡುವೆ ಗೆರೆ ಮೂಡಿತು. ಅಟೆಂಡರ್ ಬೀಕರಿನಿಂದ ಕಣ್ಣು ಕೀಳದೆ, "ಎಲ್ಲಿತ್ತು ಮೇಡಂ ಇಷ್ಟೊತ್ತು?" ಎಂದರು. ಈ ಬರಹ ಆ ಪ್ರಶ್ನೆಗೆ ಸಂಬಂಧಿಸಿದ್ದು.

ಪ್ರತಿಯೊಂದು ದ್ರವಕ್ಕೂ ಕ್ರಿಟಿಕಲ್ ಬಿಂದು, ಅಂದರೆ ದ್ರವ ಮತ್ತು ಆವಿಯ ನಡುವಿನ ಗೆರೆ ಅಳಿಸಿಹೋಗುವ ಉಷ್ಣತೆ ಮತ್ತು ಒತ್ತಡ, ಎಂಬುದೊಂದಿದೆ. ನೀರಿಗೆ ಅದು ಸುಮಾರು 374 ಡಿಗ್ರಿ ಸೆಲ್ಸಿಯಸ್ ಮತ್ತು 221 ಬಾರ್. ಆರ್ಗಾನಿಗೆ ಸೊನ್ನೆಗಿಂತ 122 ಡಿಗ್ರಿ ಕೆಳಗೆ. ಕಾರ್ಬನ್ ಡೈಆಕ್ಸೈಡಿಗೆ 30.98 ಡಿಗ್ರಿ ಮತ್ತು 73.8 ಬಾರ್, ಅಂದರೆ ಮೈಸೂರಿನ ಬೇಸಿಗೆ ಹಗಲು ಹೊತ್ತಿನಲ್ಲಿ ಸಲೀಸಾಗಿ ದಾಟುವ ಉಷ್ಣತೆ. ಅದಕ್ಕಿಂತ ಮೇಲೆ ಎಷ್ಟೇ ಒತ್ತಿದರೂ ವಸ್ತು ಎರಡಾಗಿ ಬೇರ್ಪಡುವುದಿಲ್ಲ. ಈ ಸ್ಥಿತಿಯಲ್ಲಿರುವುದನ್ನೇ ಸೂಪರ್‌ಕ್ರಿಟಿಕಲ್ ಫ್ಲೂಯಿಡ್ ಎನ್ನುತ್ತಾರೆ. (ಅಡುಗೆಮನೆಯ ಕುಕ್ಕರಿನಲ್ಲೂ ಇದೇ ನಡೆಯುತ್ತದೆ ಎಂದು ಪ್ರತಿವರ್ಷ ಯಾರಾದರೊಬ್ಬರು ಬರೆಯುತ್ತಾರೆ. ಕುಕ್ಕರ್ ಮುಟ್ಟುವುದು ಹೆಚ್ಚೆಂದರೆ 120 ಡಿಗ್ರಿ ಮತ್ತು ಎರಡು ಬಾರ್ ಆಸುಪಾಸು. 374 ಡಿಗ್ರಿ ಅಲ್ಲಿಂದ ಬಲು ದೂರ.)

ಇದನ್ನು ಕೇಳಿದ ವಿದ್ಯಾರ್ಥಿಗಳು ತಕ್ಷಣ ಕಾರಿಡಾರಿನಲ್ಲಿ ತೂಗುಹಾಕಿರುವ, ಬೆಂಕಿ ನಂದಿಸುವ ಸಿಲಿಂಡರಿನ ಕಡೆಗೆ ಕೈತೋರಿಸುತ್ತಾರೆ. ಅದರಲ್ಲೂ ಬೇಸಿಗೆಯಲ್ಲಿ ಹೀಗೆಯೇ ಗೆರೆ ಮಾಯವಾಗುತ್ತದೆಯೇ? ಮಾಯವಾಗುತ್ತದೆ, ಆದರೆ ಬೇರೆ ದಾರಿಯಲ್ಲಿ. ಸಿಲಿಂಡರಿಗೆ ಸಾಮಾನ್ಯವಾಗಿ ಪ್ರತಿ ಲೀಟರ್ ಜಾಗಕ್ಕೆ ಸುಮಾರು ಮೂರನೇ ಎರಡು ಭಾಗ ಕಿಲೋ ತುಂಬುತ್ತಾರೆ. ಇದು ಕ್ರಿಟಿಕಲ್ ಸಾಂದ್ರತೆಗಿಂತ, ಅಂದರೆ ಲೀಟರಿಗೆ 0.468 ಕಿಲೋಗಿಂತ ಬಹಳ ಹೆಚ್ಚು. ಹೀಗಾಗಿ ಬಿಸಿಯೇರಿದಂತೆ ಒಳಗಿನ ದ್ರವ ಹಿಗ್ಗಿ, 31 ಡಿಗ್ರಿ ಮುಟ್ಟುವ ಮೊದಲೇ ಗೆರೆ ಮೇಲೇರಿ ನೆತ್ತಿಗೆ ತಾಗಿ ಮುಗಿದುಹೋಗುತ್ತದೆ. ನಮ್ಮ ಕೊಳವೆಯಲ್ಲಿ ಹಾಗಾಗದಿರಲು ಕಾರಣ, ಅದನ್ನು ಮುಚ್ಚುವಾಗಲೇ ಸರಾಸರಿ ಸಾಂದ್ರತೆ ಕ್ರಿಟಿಕಲ್ ಸಾಂದ್ರತೆಗೆ ಹತ್ತಿರವಿರುವಂತೆ ಅಳೆದು ತುಂಬಿರುವುದು. ಕೆಳಗಿನ ದ್ರವ ಹಗುರಾಗುತ್ತ, ಮೇಲಿನ ಆವಿ ಭಾರವಾಗುತ್ತ, ಕೊನೆಗೆ ಎರಡರ ಸಾಂದ್ರತೆಯೂ ಒಂದೇ ಆಗಿ, ಗೆರೆ ಇದ್ದ ಜಾಗದಲ್ಲಿಯೇ ಅಳಿಸಿಹೋಗುತ್ತದೆ. ಗುಪ್ತೋಷ್ಣವೂ ಮೇಲ್ಮೈ ಎಳೆತವೂ ಅದೇ ಹೊತ್ತಿಗೆ ಸೊನ್ನೆಯಾಗುತ್ತವೆ.

ಇದನ್ನು ಮೊದಲು ಗುರುತಿಸಿದವರು ಕಣ್ಣಿನಿಂದಲ್ಲ, ಕಿವಿಯಿಂದ ಗುರುತಿಸಿದರು ಎಂಬುದು ನನಗೆ ಇಷ್ಟವಾದ ಸಂಗತಿ. 1822ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಎಂಬಾತ ಬಂದೂಕಿನ ನಳಿಗೆಯ ತುಂಡೊಂದರಲ್ಲಿ ದ್ರವವನ್ನೂ ಒಂದು ಕಲ್ಲಿನ ಗುಂಡನ್ನೂ ಹಾಕಿ, ಭದ್ರವಾಗಿ ಮುಚ್ಚಿ, ಕಾಯಿಸಿ ಉರುಳಿಸಿದ. ಒಳಗೆ ದ್ರವವಿರುವತನಕ ಗುಂಡು ಅದರೊಳಗೆ ಬೀಳುವಾಗಿನ ಸಪ್ಪಳ ಕೇಳುತ್ತಿತ್ತು. ಒಂದು ಉಷ್ಣತೆ ದಾಟಿದ ಮೇಲೆ ಆ ಸಪ್ಪಳ ನಿಂತುಹೋಯಿತು. ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್ 1869ರಲ್ಲಿ ಕಾರ್ಬನ್ ಡೈಆಕ್ಸೈಡಿಗೆ ಈ ಉಷ್ಣತೆಯನ್ನು 30.92 ಡಿಗ್ರಿ ಎಂದು ಅಳೆದು, ದ್ರವದಿಂದ ಅನಿಲಕ್ಕೆ ಎಲ್ಲಿಯೂ ಕುದಿಯದೆ, ಎಲ್ಲಿಯೂ ಕಡಿಯದೆ ಸಾಗುವ ದಾರಿಯಿದೆ ಎಂದು ತೋರಿಸಿದರು. ಆಗಿನ ಅಳತೆ ಇಂದಿನದಕ್ಕೆ ಎಷ್ಟು ಹತ್ತಿರವಿದೆ ನೋಡಿ. ನಾಲ್ಕು ವರ್ಷಗಳ ಬಳಿಕ ವಾನ್ ಡರ್ ವಾಲ್ಸ್ ತಮ್ಮ ಪ್ರಬಂಧದಲ್ಲಿ, ಅಣುಗಳಿಗೆ ಗಾತ್ರವಿದೆ, ಅವುಗಳ ನಡುವೆ ಸೆಳೆತವಿದೆ ಎಂಬ ಎರಡೇ ತಿದ್ದುಪಡಿಗಳಿಂದ ಈ ಎಲ್ಲದಕ್ಕೂ ಒಂದು ಸಮೀಕರಣ ಕೊಟ್ಟರು.

ಆಂಡ್ರೂಸ್ ತೋರಿಸಿದ ದಾರಿಯನ್ನು ನಾನು ತರಗತಿಯಲ್ಲಿ ನಮ್ಮೂರಿನ ಹೊಲದ ಉದಾಹರಣೆಯಿಂದ ವಿವರಿಸುತ್ತೇನೆ. ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಮ್ಮ ತಂದೆಯವರ ಜಮೀನು. ಒಂದು ಕಡೆ ನೀರು ನಿಲ್ಲುವ ಗದ್ದೆ, ಇನ್ನೊಂದು ಕಡೆ ರಾಗಿ ಬೆಳೆಯುವ ಬೆದ್ದಲು, ನಡುವೆ ಕತ್ತಾಳೆ ಬೇಲಿ. ಬೇಲಿ ಹಾರಿದರೆ ಒಂದೇ ಹೆಜ್ಜೆಗೆ ಕೆಸರಿನಿಂದ ಒಣನೆಲಕ್ಕೆ ಬರುತ್ತೇವೆ, ಅದು ಕುದಿಯುವಿಕೆ. ಆದರೆ ಬೇಲಿ ಜಮೀನಿನ ಉದ್ದಕ್ಕೂ ಇಲ್ಲ, ನಡುವೆಯೇ ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿಯ ಕೊನೆಯ ಕತ್ತಾಳೆ ಗಿಡವೇ ಕ್ರಿಟಿಕಲ್ ಬಿಂದು. ಅದನ್ನು ಸುತ್ತಿಕೊಂಡು ಹೋದರೆ ಯಾವ ಬೇಲಿಯನ್ನೂ ಹಾರದೆ ಗದ್ದೆಯಿಂದ ಬೆದ್ದಲಿಗೆ ತಲುಪಬಹುದು.

ಇಲ್ಲಿಯವರೆಗೆ ಪಠ್ಯಪುಸ್ತಕ ಸರಿ. ಮುಂದಿನ ವಾಕ್ಯದಲ್ಲಿ ಅದು ಎಡವುತ್ತದೆ: "ಸೂಪರ್‌ಕ್ರಿಟಿಕಲ್ ಸ್ಥಿತಿಯಲ್ಲಿ ದ್ರವಕ್ಕೂ ಅನಿಲಕ್ಕೂ ವ್ಯತ್ಯಾಸವಿರುವುದಿಲ್ಲ." ಬೇಲಿ ಇಲ್ಲವೆಂದ ಮಾತ್ರಕ್ಕೆ ಮಣ್ಣು ಒಂದೇ ಆಗಿಬಿಡುತ್ತದೆಯೇ? ಬೇಲಿಯಿಲ್ಲದ ಕಡೆಯಲ್ಲೂ ನಾಲೆಯ ಮಗ್ಗುಲಿಗೆ ಕಾಲು ಹೂತುಕೊಳ್ಳುತ್ತದೆ, ದಿಬ್ಬದ ಮಗ್ಗುಲಿಗೆ ಧೂಳು ಏಳುತ್ತದೆ. ನಡುವೆ ಎಲ್ಲಿ ಬದಲಾಯಿತೆಂದು ಕೋಲು ನೆಡಲಾಗದಿರಬಹುದು, ಬದಲಾಗಿದೆ ಎಂಬುದು ಮಾತ್ರ ಹೆಜ್ಜೆಗೆ ತಿಳಿಯುತ್ತದೆ. ಈ ವಾಕ್ಯಕ್ಕೆ ನಾನೇ ಇಪ್ಪತ್ತು ವರ್ಷ ಪೂರ್ಣ ಅಂಕ ಕೊಟ್ಟಿದ್ದೇನೆ.

ಕೊನೆಯ ಗಿಡದ ಹತ್ತಿರದ ನೆಲವನ್ನು ಮೊದಲು ನೋಡೋಣ, ಏಕೆಂದರೆ ಅಲ್ಲಿಯ ವರ್ತನೆ ಎರಡೂ ಕಡೆಗಿಂತ ವಿಚಿತ್ರ. ಕ್ರಿಟಿಕಲ್ ಬಿಂದುವಿನಲ್ಲಿ ಸಂಪೀಡ್ಯತೆ, ಅಂದರೆ ಒತ್ತಿದರೆ ಕುಗ್ಗುವ ಗುಣ, ಮಿತಿಯಿಲ್ಲದಂತೆ ಬೆಳೆಯುತ್ತದೆ. ಕೊಳವೆಯ ಎತ್ತರ ಕೆಲವೇ ಸೆಂಟಿಮೀಟರ್ ಆಗಿದ್ದರೂ, ಮೇಲಿನ ಪದರದ ತೂಕಕ್ಕೇ ಕೆಳಗಿನ ಪದರ ಗಮನಾರ್ಹವಾಗಿ ದಟ್ಟವಾಗುತ್ತದೆ. ಕುಗ್ಗಿಸಲು ಶ್ರಮವೇ ಬೇಡವಾದಾಗ ಅಣುಗಳು ತಾವಾಗಿಯೇ ಒಂದೆಡೆ ಗುಂಪುಗೂಡುವುದು, ಇನ್ನೊಂದೆಡೆ ತೆರವಾಗುವುದು ಸುಲಭವಾಗುತ್ತದೆ. ಈ ಗುಂಪುಗಳ ಅಳತೆ ಬೆಳಕಿನ ಅಲೆಯುದ್ದಕ್ಕೆ ಸಮವಾಗುವಷ್ಟು ಬೆಳೆದಾಗ ಬೆಳಕು ಎಲ್ಲ ದಿಕ್ಕಿಗೂ ಚದುರಿ, ಪಾರದರ್ಶಕ ವಸ್ತು ಹಾಲಿನಂತಾಗುತ್ತದೆ. ಹೂಜಿಯ ನೀರಿನಲ್ಲಿ ನಮಗೆ ಕಂಡ ಮಂಜು ಇದೇ. 1908ರಲ್ಲಿ ಸ್ಮೊಲುಕೋವ್ಸ್ಕಿ ಇದಕ್ಕೆ ಕಾರಣ ಸಾಂದ್ರತೆಯ ಏರುಪೇರು ಎಂದು ಗುರುತಿಸಿದರು, 1910ರಲ್ಲಿ ಐನ್‌ಸ್ಟೈನ್ ಅದರ ಲೆಕ್ಕ ಕಟ್ಟಿದರು, 1923ರಲ್ಲಿ ಸಿ. ವಿ. ರಾಮನ್ ಮತ್ತು ಕೆ. ಆರ್. ರಾಮನಾಥನ್ ಅಧಿಕ ಒತ್ತಡದ ಕಾರ್ಬನ್ ಡೈಆಕ್ಸೈಡಿನಲ್ಲಿಯೇ ಬೆಳಕಿನ ಚದುರುವಿಕೆಯನ್ನು ಅಳೆದು ಪ್ರಕಟಿಸಿದರು. ವಾನ್ ಡರ್ ವಾಲ್ಸರ ಸಮೀಕರಣ ಸೋಲುವುದೂ ಇಲ್ಲಿಯೇ. ದ್ರವ ಮತ್ತು ಆವಿಯ ಸಾಂದ್ರತೆಗಳ ಅಂತರವು ಕ್ರಿಟಿಕಲ್ ಉಷ್ಣತೆಯಿಂದ ಇರುವ ದೂರದ ವರ್ಗಮೂಲದಂತೆ, ಅಂದರೆ 0.5ರ ಘಾತದಲ್ಲಿ ಇಳಿಯಬೇಕು ಎನ್ನುತ್ತದೆ ಅದು; ನಿಜವಾದ ಘಾತ ಸುಮಾರು 0.326. ಪ್ರತಿ ಅಣುವೂ ನೆರೆಹೊರೆಯ ಸರಾಸರಿಯನ್ನಷ್ಟೇ ಅನುಭವಿಸುತ್ತದೆ ಎಂದು ಆ ಸಮೀಕರಣ ಭಾವಿಸುತ್ತದೆ, ಆದರೆ ಏರುಪೇರೇ ಪ್ರಧಾನವಾದ ಕಡೆ ಸರಾಸರಿಗೆ ಬೆಲೆಯಿಲ್ಲ.

ಉಷ್ಣತೆ ಹರಡುವ ಬಗೆಯೂ ಇಲ್ಲಿ ತಲೆಕೆಳಗು. ವಿಶಿಷ್ಟೋಷ್ಣ, ಅಂದರೆ ಒಂದು ಡಿಗ್ರಿ ಬಿಸಿಯೇರಿಸಲು ಬೇಕಾಗುವ ಶಾಖ, ವಿಪರೀತ ಏರುವುದರಿಂದ ಶಾಖದ ವಿಸರಣ ಬಹಳ ನಿಧಾನವಾಗುತ್ತದೆ, ಹಾಗಾಗಿ ಕೊಳವೆ ಸಮಸ್ಥಿತಿಗೆ ಬರಲು ಯುಗವೇ ಬೇಕು ಎಂದು ಹಿಂದೆ ಭಾವಿಸಿದ್ದರು. 1990ರ ಸುಮಾರಿಗೆ ಸ್ಪಷ್ಟವಾದ ಸಂಗತಿಯೆಂದರೆ, ಗೋಡೆಗೆ ಅಂಟಿದ ತೆಳುವಾದ ಪದರವು ಬಿಸಿಯಾಗಿ ಹಿಗ್ಗಿ ಪಿಸ್ಟನ್ನಿನಂತೆ ಉಳಿದ ಭಾಗವನ್ನು ಒತ್ತುವುದರಿಂದ, ಒಳಗಿನ ಉಷ್ಣತೆ ಬೇಗನೆ ಏರುತ್ತದೆ. ಸಾಂದ್ರತೆ ಸಮನಾಗುವುದು ಮಾತ್ರ ನಿಧಾನವೇ.

ಬಿಂದುವಿನಿಂದ ಸ್ವಲ್ಪ ದೂರ ಸರಿದರೆ ಈ ವಿಚಿತ್ರಗಳು ಮೆತ್ತಗಾಗಿ, ಕೆಲಸಕ್ಕೆ ಬರುವ ಗುಣಗಳಾಗುತ್ತವೆ. 40 ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡನ್ನು 80 ಬಾರ್ ಒತ್ತಡದಲ್ಲಿಟ್ಟರೆ ಅದರ ಸಾಂದ್ರತೆ ಘನಮೀಟರಿಗೆ ಸುಮಾರು 280 ಕಿಲೋ; 100 ಬಾರಿಗೆ ಏರಿಸಿದರೆ ಸುಮಾರು 630. ಒತ್ತಡವನ್ನು ಕಾಲು ಪಾಲು ಹೆಚ್ಚಿಸಿದ್ದಕ್ಕೆ ಸಾಂದ್ರತೆ ಇಮ್ಮಡಿಗೂ ಮೀರಿತು. ಕರಗಿಸುವ ಶಕ್ತಿ ಸಾಂದ್ರತೆಯನ್ನೇ ಹಿಂಬಾಲಿಸುವುದರಿಂದ, ಒತ್ತಡದ ನಾಬ್ ತಿರುಗಿಸಿದಂತೆಲ್ಲ ದ್ರಾವಕವೇ ಬದಲಾದಂತೆ. ಕಾಳುಮೆಣಸಿನ ಸಾರ ತೆಗೆಯುವವರು ಇದನ್ನು ನೆಚ್ಚಿಕೊಂಡಿದ್ದಾರೆ. 1950ರಲ್ಲಿ ಶುರುವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿಯೂ ಸಾಂಬಾರ ಪದಾರ್ಥಗಳ ಮೇಲೆ ಇಂತಹ ಅಧ್ಯಯನ ನಡೆದಿದೆ. ಪುಡಿ ಮಾಡಿದ ಮೆಣಸಿನ ಮೂಲಕ ಕಡಿಮೆ ಒತ್ತಡದಲ್ಲಿ ಹಾಯಿಸಿದರೆ ಮೊದಲು ಘಮಘಮಿಸುವ ತೈಲ ಬರುತ್ತದೆ, ಖಾರದ ಪೈಪರಿನ್ ಬೇಕಾದರೆ ಒತ್ತಡವನ್ನು ಇನ್ನೂ ಏರಿಸಬೇಕು. ಕೊನೆಗೆ ಒತ್ತಡ ಇಳಿಸಿದರೆ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಹೊರಟುಹೋಗಿ, ಪಾತ್ರೆಯ ತಳದಲ್ಲಿ ಅಂಟು ಸಾರ ಮಾತ್ರ ಉಳಿಯುತ್ತದೆ. ಹಸಿ ಕಾಫಿ ಬೀಜದಿಂದ ಕೆಫೀನ್ ತೆಗೆಯುವ ಕ್ರಮವನ್ನು ಜರ್ಮನಿಯ ಕುರ್ಟ್ ಝೋಸೆಲ್ ರೂಪಿಸಿದ್ದೂ ಇದೇ ಸೂತ್ರದ ಮೇಲೆ.

ಇಲ್ಲೊಂದು ಸ್ವಾರಸ್ಯವಿದೆ. ಬಿಸಿ ಹೆಚ್ಚಿದರೆ ಹೆಚ್ಚು ಕರಗುತ್ತದೆ ಎಂಬ ನಮ್ಮ ಸಕ್ಕರೆ-ಕಾಫಿಯ ಅನುಭವ 100 ಬಾರಿನಲ್ಲಿ ಸುಳ್ಳಾಗುತ್ತದೆ. ಅಲ್ಲಿ 40ರಿಂದ 60 ಡಿಗ್ರಿಗೆ ಏರಿಸಿದರೆ ಸಾಂದ್ರತೆ 630ರಿಂದ 290ಕ್ಕೆ ಕುಸಿಯುತ್ತದೆ, ಕರಗಿದ್ದು ಹೊರಬೀಳುತ್ತದೆ. ಅದೇ 300 ಬಾರಿನಲ್ಲಿ ಏರಿಸಿದರೆ ಸಾಂದ್ರತೆ 910ರಿಂದ 830ಕ್ಕೆ ಮಾತ್ರ ಇಳಿಯುತ್ತದೆ. ಅಷ್ಟರಲ್ಲಿ ಕರಗಬೇಕಾದ ವಸ್ತುವಿನ ಆವಿಯೊತ್ತಡ ಬಹಳ ಹೆಚ್ಚಿರುವುದರಿಂದ ಕರಗುವ ಪ್ರಮಾಣ ಏರುತ್ತದೆ. ಒಂದೇ ಸೂಪರ್‌ಕ್ರಿಟಿಕಲ್ ಫ್ಲೂಯಿಡ್, ಒಂದು ಕಡೆ ಅನಿಲದಂತೆ, ಇನ್ನೊಂದು ಕಡೆ ದ್ರವದಂತೆ ನಡೆದುಕೊಂಡಿತು. ವ್ಯತ್ಯಾಸವೇ ಇಲ್ಲ ಎನ್ನುವುದು ಹೇಗೆ?

ಕೂಡಗಿ, ಯರಮರಸ್‌ನಂತಹ ವಿದ್ಯುತ್ ಸ್ಥಾವರಗಳ ಬಾಯ್ಲರುಗಳಲ್ಲಿ ನೀರು 221 ಬಾರ್ ಮೀರಿದ ಒತ್ತಡದಲ್ಲಿ ಕಾಯುತ್ತದೆ. ಅಲ್ಲಿ ಕುದಿತವಿಲ್ಲ, ಆದ್ದರಿಂದ ಹಬೆಯನ್ನು ನೀರಿನಿಂದ ಬೇರ್ಪಡಿಸುವ ಡ್ರಮ್ಮೂ ಇಲ್ಲ. ಆದರೂ ವಿಶಿಷ್ಟೋಷ್ಣ ಶಿಖರ ಮುಟ್ಟುವ ಒಂದು ಉಷ್ಣತೆಯಿದೆ, 250 ಬಾರಿನಲ್ಲಿ ಅದು ಸುಮಾರು 385 ಡಿಗ್ರಿ. ಅಲ್ಲಿ ಕೊಳವೆಗಳ ಶಾಖವರ್ಗಾವಣೆ ಹದ ತಪ್ಪದಂತೆ ಎಂಜಿನಿಯರುಗಳು ಎಚ್ಚರವಾಗಿರುತ್ತಾರೆ.

ಇನ್ನು ಕಣಗಳ ನಡಿಗೆ. ಇದನ್ನು ಕಾಣಲು ಗಾಜಿನ ಕೊಳವೆ ಸಾಲದು, ಲೆಕ್ಕ ಬೇಕು. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್ 1964ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 864 ಆರ್ಗಾನ್ ಪರಮಾಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕಿದರು. (ಪ್ರಯೋಗಾಲಯದ ಹೆಸರಿಗೂ ಅನಿಲದ ಹೆಸರಿಗೂ ಸಂಬಂಧವಿಲ್ಲ, ಕನ್ನಡದಲ್ಲಿ ಬರೆದಾಗ ಹಾಗೆ ಕಾಣುತ್ತದೆ ಅಷ್ಟೆ.) ಒಂದು ಪರಮಾಣು ಈಗ ಯಾವ ಕಡೆ ಹೊರಟಿದೆಯೋ, ತುಸು ಹೊತ್ತಿನ ಬಳಿಕ ಅದೇ ಕಡೆ ಸಾಗುತ್ತಿದೆಯೇ ಎಂದು ಕೇಳುತ್ತ ಹೋಗಿ ಸರಾಸರಿ ತೆಗೆದರೆ ಒಂದು ರೇಖೆ ಸಿಗುತ್ತದೆ. ದಟ್ಟ ದ್ರವದಲ್ಲಿ ಆ ರೇಖೆ ಸೊನ್ನೆಗಿಂತ ಕೆಳಗಿಳಿಯುತ್ತದೆಂದು ರೆಹಮಾನ್ ಕಂಡರು. ಅರ್ಥವಿಷ್ಟೆ: ಪರಮಾಣು ಮುಂದೆ ಹೊರಟು, ಎದುರಿನ ನೆರೆಯವನಿಗೆ ತಾಗಿ, ಹಿಂದಕ್ಕೆ ಬಂದಿದೆ. ಮಂಡ್ಯದಿಂದ ಮೈಸೂರಿಗೆ ಬೆಳಗಿನ ರೈಲಿನಲ್ಲಿ ನಿಂತು ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ನಾನೂ ನನ್ನ ಲ್ಯಾಪ್‌ಟಾಪಿನಲ್ಲಿ ಅದೇ 864 ಪರಮಾಣುಗಳನ್ನು ಹಾಕಿ, ಉಷ್ಣತೆಯನ್ನು 240 ಕೆಲ್ವಿನ್‌ಗೆ ನಿಲ್ಲಿಸಿದೆ. ಆರ್ಗಾನಿನ ಕ್ರಿಟಿಕಲ್ ಉಷ್ಣತೆ 150.7 ಕೆಲ್ವಿನ್ (ಮೊದಲು ಹೇಳಿದ, ಸೊನ್ನೆಗಿಂತ 122 ಡಿಗ್ರಿ ಕೆಳಗಿನದೇ) ಆದ್ದರಿಂದ ಎಷ್ಟು ಒತ್ತಿದರೂ ಇದು ಸೂಪರ್‌ಕ್ರಿಟಿಕಲ್ಲೇ. ಸಾಂದ್ರತೆಯನ್ನು ಘನಮೀಟರಿಗೆ 500 ಕಿಲೋ ಇಟ್ಟಾಗ ರೇಖೆ ಮೆಲ್ಲನೆ, ಒಮ್ಮೆಯೂ ಸೊನ್ನೆಯ ಕೆಳಗಿಳಿಯದೆ ಸವೆದುಹೋಯಿತು. ಪರಮಾಣುಗಳು ಡಿಕ್ಕಿ ಹೊಡೆಯುತ್ತ, ದಾರಿ ಮರೆಯುತ್ತ ಸಾಗುತ್ತಿದ್ದವು, ಅನಿಲದ ಹಾಗೆ. ಸಾವಿರಾರು ಬಾರ್ ಒತ್ತಡ ಬೇಕಾಗುವ 1600 ಕಿಲೋಗೆ ಏರಿಸಿದಾಗ, ಪರದೆಯ ಮೇಲೆ ಆ ತಗ್ಗು ಕಾಣಿಸಿಕೊಂಡಿತು. ಪರಮಾಣು ನೆರೆಯವರ ಪಂಜರದಲ್ಲಿ ಅತ್ತಿತ್ತ ಕಂಪಿಸಿ, ಸಂದು ಸಿಕ್ಕಾಗ ಪಕ್ಕಕ್ಕೆ ಹಾರಿ, ಅಲ್ಲಿ ಮತ್ತೆ ಕಂಪಿಸುತ್ತಿತ್ತು. ದ್ರವದ ಕಣಗಳು ಹೀಗೆಯೇ ನಡೆಯುತ್ತವೆಂದು ಯಾಕೊವ್ ಫ್ರೆಂಕೆಲ್ 1926ರಲ್ಲೇ ಹೇಳಿದ್ದರು.

ಈ ಎರಡು ನಡಿಗೆಗಳ ನಡುವೆ ಗಡಿ ಎಳೆಯಲು ಈಗ ಎರಡು ಪ್ರಸ್ತಾವಗಳಿವೆ. ಬೆಂಜಮಿನ್ ವಿಡಮ್ ಅವರ ಹೆಸರಿನ ವಿಡಮ್ ರೇಖೆ ಉಷ್ಣಗತಿವಿಜ್ಞಾನದ್ದು: ಬೇಲಿ ಮುಗಿದ ಮೇಲೂ ವಿಶಿಷ್ಟೋಷ್ಣ, ಸಂಪೀಡ್ಯತೆ ಮುಂತಾದವು ಶಿಖರ ಮುಟ್ಟುವ ಜಾಗಗಳನ್ನು ಜೋಡಿಸಿದರೆ ಸಿಗುವ ಗೆರೆ. 2010ರಲ್ಲಿ ಆರ್ಗಾನಿನ ಮೇಲೆ ಎಕ್ಸ್-ಕಿರಣ ಹಾಯಿಸಿ ನೋಡಿದವರಿಗೆ, ಈ ಗೆರೆ ದಾಟುವಾಗ ಸೂಕ್ಷ್ಮ ಅಳತೆಯ ಶಬ್ದತರಂಗಗಳ ವರ್ತನೆ ದ್ರವದ ಬಗೆಯಿಂದ ಅನಿಲದ ಬಗೆಗೆ ಬದಲಾಗುವುದು ಕಂಡಿತು. ಆದರೆ ಒಂದೊಂದು ಗುಣದ ಶಿಖರವೂ ಬಿಂದುವಿನಿಂದ ದೂರ ಹೋದಂತೆ ಬೇರೆಬೇರೆ ದಾರಿ ಹಿಡಿದು, ಚಪ್ಪಟೆಯಾಗಿ, ಕಳೆದುಹೋಗುತ್ತದೆ. 2012ರಲ್ಲಿ ಬ್ರಾಝ್‌ಕಿನ್, ಟ್ರಾಚೆಂಕೊ ಮತ್ತು ಸಂಗಡಿಗರು ಮುಂದಿಟ್ಟ ಫ್ರೆಂಕೆಲ್ ರೇಖೆ ಕಣಗಳ ನಡಿಗೆಯದು. ಒಂದು ಹಾರಿಕೆಗೂ ಮುಂದಿನದಕ್ಕೂ ನಡುವಿನ ಸಮಯ ಒಂದು ಕಂಪನದ ಸಮಯಕ್ಕೆ ಇಳಿದಾಗ, ಪಂಜರವೆನ್ನುವುದೇ ಉಳಿಯುವುದಿಲ್ಲ. ದ್ರವದಲ್ಲಿ ಅಲ್ಪಸ್ವಲ್ಪ ಉಳಿದಿದ್ದ ಅಡ್ಡ ಅಲೆಗಳೂ (ಸಾಗುವ ದಿಕ್ಕಿಗೆ ಅಡ್ಡವಾಗಿ ಅಲುಗುವಂಥವು) ಅಲ್ಲಿಗೆ ಮುಗಿಯುತ್ತವೆ. ಘನವಸ್ತುವಿನಲ್ಲಿ ಪ್ರತಿ ಪರಮಾಣುವಿಗೆ ಬೋಲ್ಟ್‌ಸ್‌ಮನ್ ನಿಯತಾಂಕದ ಮೂರು ಪಟ್ಟು ಇರುವ ಉಷ್ಣಧಾರಕತೆ ಈ ಹೊತ್ತಿಗೆ ಎರಡು ಪಟ್ಟಿಗೆ ಇಳಿದಿರುತ್ತದೆ, ಮುಂದೆ ಆದರ್ಶ ಅನಿಲದ ಒಂದೂವರೆಯ ಕಡೆಗೆ ಸಾಗುತ್ತದೆ. ಇದಕ್ಕೆ ಕ್ರಿಟಿಕಲ್ ಬಿಂದುವಿನ ಹಂಗಿಲ್ಲ, ಎಷ್ಟೇ ಒತ್ತಡಕ್ಕೆ ಹೋದರೂ ಗೆರೆ ಮುಂದುವರಿಯುತ್ತದೆ.

ಎರಡನ್ನೂ ಹಿಡಿದು ಜಗಳವಾಡುವವರಿದ್ದಾರೆ. ನನಗನ್ನಿಸುವುದಿಷ್ಟು: ಕೊನೆಯ ಕತ್ತಾಳೆ ಗಿಡದ ಆಸುಪಾಸಿನಲ್ಲಿ ಕೆಲಸ ಮಾಡುವವರಿಗೆ, ಅಂದರೆ ಮೆಣಸಿನ ಸಾರ ತೆಗೆಯುವವರಿಗೂ ಬಾಯ್ಲರ್ ನೋಡಿಕೊಳ್ಳುವವರಿಗೂ, ವಿಡಮ್ ರೇಖೆ ಸಾಕು. ದೂರ ಹೋದವರಿಗೆ ಕಣದ ನಡಿಗೆಯ ಹೊರತು ಬೇರೆ ಗುರುತಿಲ್ಲ, ಹಾಗಾಗಿ ಫ್ರೆಂಕೆಲ್ ಹೇಳಿದ್ದೇ ಗತಿ. ಆದರೆ ಅದನ್ನು ರೇಖೆ ಎನ್ನುವುದು ಉದಾರದ ಮಾತು. ನಾನು 500 ಮತ್ತು 1600ರ ನಡುವೆ ಸಾಂದ್ರತೆಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದಾಗ ತಗ್ಗು ಯಾವ ಕ್ಷಣದಲ್ಲಿ ಹುಟ್ಟಿತೆಂದು ಬೆರಳಿಡಲಾಗಲಿಲ್ಲ; ಮೊದಲು ರೇಖೆ ತುಸು ಬಳುಕಿತು, ಆಮೇಲೆ ಸೊನ್ನೆಯನ್ನು ಸವರಿತು, ಆಮೇಲೆ ಕೆಳಗಿಳಿಯಿತು. ಅದು ಗೆರೆಯಲ್ಲ, ಅಗಲವಾದ ಪಟ್ಟಿ.

ಕೊಳವೆ ಈಗಲೂ ಬೀರುವಿನಲ್ಲಿದೆ. ಅಟೆಂಡರ್ ಅದರ ಪೆಟ್ಟಿಗೆಯ ಮೇಲೆ ಕೆಂಪು ಶಾಯಿಯಲ್ಲಿ "ಬೇಸಿಗೆಯಲ್ಲಿ ಖಾಲಿ ಕಾಣುತ್ತೆ, ಎಸೆಯಬಾರದು" ಎಂದು ಬರೆದು ಅಂಟಿಸಿದ್ದಾರೆ. ದ್ರವಕ್ಕೂ ಅನಿಲಕ್ಕೂ ವ್ಯತ್ಯಾಸವಿಲ್ಲ ಎಂಬ ವಾಕ್ಯ ಉತ್ತರಪತ್ರಿಕೆಗಳಲ್ಲಿ ಪ್ರತಿವರ್ಷ ಬರುತ್ತಲೇ ಇದೆ. ಪುಸ್ತಕದಲ್ಲಿ ಇರುವುದನ್ನೇ ಬರೆದ ಮಕ್ಕಳ ಅಂಕ ಕಡಿಯುವುದು ನ್ಯಾಯವಲ್ಲವಾದ್ದರಿಂದ ಅಂಕ ಕೊಡುತ್ತೇನೆ. ಆದರೆ ಕಿರುಪರೀಕ್ಷೆಯ ಪತ್ರಿಕೆಗಳು ಅವರ ಕೈಗೇ ವಾಪಸು ಹೋಗುವುದರಿಂದ, ಅಂಚಿನಲ್ಲಿ ಒಂದು ಪ್ರಶ್ನೆ ಬರೆದಿಡುತ್ತೇನೆ: "ಎಷ್ಟು ಸಾಂದ್ರತೆಯಲ್ಲಿ?"